ಗಾಣದ ಎಣ್ಣೆ, ಪ್ಯಾಕೆಟ್ ಎಣ್ಣೆ, ಮಯೋನೀಸ್: ನಮ್ಮ ತಟ್ಟೆಗೆ ಯಾವುದು, ಎಷ್ಟು?

ನಮ್ಮ ಸೊಕ್ಕೆ ಹೋಬಳಿಯಲ್ಲಿ ಒಂದು ವಿಚಿತ್ರ ನಡೀತಾ ಇದೆ. ಹೊಲದಲ್ಲಿ ಬೆಳೆಯೋದು ಶೇಂಗಾ, ಅಡುಗೆಮನೆಯಲ್ಲಿ ಸುರಿಯೋದು ಪಾಮೋಲಿನ್. ಶೇಂಗಾ ಚೀಲ ಮಾರಿ ಬಂದ ದುಡ್ಡಲ್ಲಿ ಅದೇ ಪೇಟೆಯಿಂದ ಹೊರದೇಶದ ತಾಳೆ ಎಣ್ಣೆ ಪ್ಯಾಕೆಟ್ ತರ್ತೀವಿ. ಉಜ್ಜಿನಿ ಮರುಳಸಿದ್ಧೇಶ್ವರನ ಗುಡಿ ಶಿಖರಕ್ಕೆ ಎಣ್ಣೆ ಎರೆಯೋ ಸೀಮೆ ನಮ್ಮದು. ಪಕ್ಕದ ಚಳ್ಳಕೆರೆಗೆ ಎಣ್ಣೆ ಗಿರಣಿಗಳಿಂದಲೇ 'ಆಯಿಲ್ ಸಿಟಿ' ಅಂತ ಹೆಸರು ಬಂತು. ಆದ್ರೆ ಈಗ ಜಗಳೂರು ತಾಲ್ಲೂಕಿನ ಹೊಲಗಳಲ್ಲಿ ಮೆಕ್ಕೆಜೋಳ ಜಾಸ್ತಿಯಾಗಿದೆ, ಹುಚ್ಚೆಳ್ಳು, ಕುಸುಬೆ ಸಾಲುಗಳನ್ನು ಹುಡುಕಬೇಕು.

ನಮ್ಮ ವಯಸ್ಸಿನವರು ಸಿಕ್ಕಾಗ ಕೇಳೋ ಪ್ರಶ್ನೆ ಒಂದೇ: "ಯಾವ ಎಣ್ಣೆ ಒಳ್ಳೇದಣ್ಣ?" ಇತ್ತೀಚೆಗೆ ಅದಕ್ಕೆ ಇನ್ನೊಂದು ಸೇರಿದೆ: "ಸಲಾಡ್‌ಗೆ ಮಯೋನೀಸ್ ಹಾಕ್ಕೊಂಡು ತಿಂದ್ರೆ ಹೆಲ್ತಿ ಅಲ್ವಾ?" ದಾವಣಗೆರೆ, ಜಗಳೂರು ಬೇಕರಿಗಳಿಗೂ ಮಯೋನೀಸ್ ಬಂದಾಗಿದೆ, ಹಾಗಾಗಿ ಎರಡನ್ನೂ ಒಟ್ಟಿಗೆ ನೋಡೋಣ. ನಾನು ಓದಿದ್ದು ತೋಟಗಾರಿಕೆ, ವೈದ್ಯ ಅಲ್ಲ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರ್ ಹೇಳಿದ್ದನ್ನೇ ಕೇಳಿ.

ಕ್ಯಾಲೊರಿಯಲ್ಲಿ ಎಲ್ಲ ಎಣ್ಣೆ ಒಂದೇ

ಮೊದಲು ಇದು ತಲೆಯಲ್ಲಿರಲಿ. ಪಾಮೋಲಿನ್ ಇರಲಿ, ಆಲಿವ್ ಇರಲಿ, ಗಾಣದ ಶೇಂಗಾ ಎಣ್ಣೆ ಇರಲಿ, 1 ಗ್ರಾಂ ಎಣ್ಣೆ ಅಂದ್ರೆ 9 ಕ್ಯಾಲೊರಿ. ಒಂದು ದೊಡ್ಡ ಚಮಚಕ್ಕೆ ಸುಮಾರು 120. ಪ್ಯಾಕೆಟ್ ಮೇಲೆ 'ಲೈಟ್' ಅಂತ ಬರೆದಿದ್ರೂ ಅಷ್ಟೇ. 'ಕೊಲೆಸ್ಟ್ರಾಲ್ ಇಲ್ಲ' ಅನ್ನೋ ಮಾತಂತೂ ಯಾವ ಸಸ್ಯದ ಎಣ್ಣೆಗೂ ನಿಜ. ಕೊಲೆಸ್ಟ್ರಾಲ್ ಇರೋದು ಹಾಲು, ತುಪ್ಪ, ಮೊಟ್ಟೆ, ಮಾಂಸದಲ್ಲಿ. ಇಲ್ಲದ್ದನ್ನ ಇಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದು ಮಾರೋದು ಒಂದು ಜಾಣತನ.

ಎಷ್ಟು ಬೇಕು? ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಊಟದ ತಟ್ಟೆಗೆ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ ಸಾಕು ಅಂತಿದೆ. ಅಂದ್ರೆ ಎರಡು ದೊಡ್ಡ ಚಮಚ. ಗುದ್ದಲಿ ಹಿಡಿದು ದಿನವಿಡೀ ದುಡಿಯೋನಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತೆ. ಆದ್ರೆ ನಮ್ಮಲ್ಲಿ ಎಷ್ಟು ಜನ ಈಗ ಗುದ್ದಲಿ ಹಿಡೀತೀವಿ? ಟ್ರ್ಯಾಕ್ಟರ್ ಸೀಟಿಗೆ, ಬೈಕಿಗೆ ಅಷ್ಟು ಎಣ್ಣೆ ಬೇಡ.

ನಾಲ್ಕು ಜನರ ಮನೆಗೆ ಲೆಕ್ಕ ಹಾಕಿ: ದಿನಕ್ಕೆ 108 ಗ್ರಾಂ, ವರ್ಷಕ್ಕೆ ಸುಮಾರು 39 ಕೆಜಿ, ಲೀಟರ್‌ನಲ್ಲಿ 43. ತಿಂಗಳಿಗೆ ಮೂರೂವರೆ ಲೀಟರ್ ಚಿಲ್ಲರೆ. ಅಂಗಡಿ ಚೀಟಿ ತೆಗೆದು ನಿಮ್ಮ ಮನೆ ಲೆಕ್ಕ ನೋಡಿ. ಐದಾರು ಲೀಟರ್ ಆಗ್ತಿದ್ರೆ, ಯಾವ ಎಣ್ಣೆ ಅನ್ನೋದಕ್ಕಿಂತ ಎಷ್ಟು ಎಣ್ಣೆ ಅನ್ನೋದೇ ಮೊದಲ ಪ್ರಶ್ನೆ.

ಹಾಗಾದ್ರೆ ವ್ಯತ್ಯಾಸ ಎಲ್ಲಿದೆ?

ಕೊಬ್ಬಿನ ಬಗೆಯಲ್ಲಿ. ಪ್ರತಿ ಎಣ್ಣೆಯಲ್ಲೂ ಮೂರು ಬಗೆ ಕೊಬ್ಬು ಬೇರೆ ಬೇರೆ ಪಾಲಿನಲ್ಲಿ ಇರುತ್ತೆ. ಮೊದಲನೇದು ಸ್ಯಾಚುರೇಟೆಡ್. ಚಳಿಗೆ ಗಟ್ಟಿಯಾಗುತ್ತಲ್ಲ, ತುಪ್ಪ, ಕೊಬ್ಬರಿ ಎಣ್ಣೆ, ಅದರಲ್ಲಿ ಇದು ಜಾಸ್ತಿ. ಅತಿಯಾದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತೆ. ಎರಡನೇದು ಮೋನೋ, ಇದು ಹೃದಯಕ್ಕೂ ಸ್ನೇಹಿ, ಬಿಸಿಗೂ ತಡೆಯುತ್ತೆ. ಮೂರನೇದು ಪಾಲಿ. ಇದರೊಳಗೆ ಒಮೆಗಾ-6, ಒಮೆಗಾ-3 ಅಂತ ಎರಡು. ಎರಡೂ ದೇಹಕ್ಕೆ ಬೇಕು, ದೇಹ ತಾನೇ ತಯಾರಿಸಿಕೊಳ್ಳಲ್ಲ, ಊಟದಿಂದಲೇ ಬರಬೇಕು. ಆದ್ರೆ ಪಾಲಿ ಕೊಬ್ಬು ಬೆಂಕಿ, ಬೆಳಕು, ಗಾಳಿಗೆ ಬೇಗ ಕೆಡುತ್ತೆ.

ಈಗ ನಮ್ಮ ಎಣ್ಣೆಗಳನ್ನ ನೋಡಿ. ಪಾಮೋಲಿನ್‌ನಲ್ಲಿ ನೂರಕ್ಕೆ ಸುಮಾರು 40-45 ಪಾಲು ಸ್ಯಾಚುರೇಟೆಡ್. ಕೊಬ್ಬರಿ ಎಣ್ಣೆಯಲ್ಲಿ 90ರ ಹತ್ತಿರ, ತುಪ್ಪದಲ್ಲಿ 60ರ ಮೇಲೆ. (ಮುದ್ದೆಗೆ ಒಂದು ಚಮಚ ತುಪ್ಪ ಹಾಕ್ಕೊಂಡ್ರೆ ತಪ್ಪೇನಿಲ್ಲ, ದಿನದ 27 ಗ್ರಾಂ ಲೆಕ್ಕದಲ್ಲಿ ಅದೂ ಸೇರುತ್ತೆ ಅಷ್ಟೇ.) ಸನ್‌ಫ್ಲವರ್‌ನಲ್ಲಿ ಸ್ಯಾಚುರೇಟೆಡ್ 11ರಷ್ಟು ಮಾತ್ರ, ಆದ್ರೆ 60ಕ್ಕೂ ಹೆಚ್ಚು ಪಾಲು ಒಮೆಗಾ-6. ಇ ಜೀವಸತ್ವ ಅದರಲ್ಲಿ ಚೆನ್ನಾಗಿದೆ. ಕುಸುಬೆ, ಹುಚ್ಚೆಳ್ಳಲ್ಲಿ ಒಮೆಗಾ-6 ಇನ್ನೂ ಹೆಚ್ಚು, 70 ದಾಟುತ್ತೆ. ಎಳ್ಳೆಣ್ಣೆಯಲ್ಲಿ ಮೋನೋ, ಪಾಲಿ ಎರಡೂ ಹೆಚ್ಚುಕಡಿಮೆ ಸಮ, 40-40, ಜೊತೆಗೆ ಅದನ್ನ ಬೇಗ ಕೆಡದಂತೆ ಕಾಯೋ ಸೆಸಮಾಲ್ ಥರದ ವಸ್ತುಗಳಿವೆ. ಆಲಿವ್‌ನಲ್ಲಿ 70ಕ್ಕೂ ಹೆಚ್ಚು ಮೋನೋ. ಒಳ್ಳೇದೇ, ಆದ್ರೆ ಅದರ ಬೆಲೆಗೆ ನಮ್ಮ ಮನೆಯ ತಿಂಗಳ ದಿನಸಿ ಬರುತ್ತೆ.

ಶೇಂಗಾ ಇವೆಲ್ಲದರ ಮಧ್ಯದಲ್ಲಿದೆ. ಸ್ಯಾಚುರೇಟೆಡ್ 20ರೊಳಗೆ, ಮೋನೋ 45-50, ಪಾಲಿ 30ರ ಸುಮಾರು. ಒಗ್ಗರಣೆಗೂ ಆಗುತ್ತೆ, ಕರಿಯೋದಕ್ಕೂ ಆಗುತ್ತೆ, ಹಸಿ ಎಣ್ಣೆಯಾಗಿ ಚಟ್ನಿ ಮೇಲೂ ಆಗುತ್ತೆ. ದಿನಬಳಕೆಗೆ ಒಂದೇ ಎಣ್ಣೆ ಆರಿಸು ಅಂದ್ರೆ ನಾನು ಶೇಂಗಾನೇ ಅಂತೀನಿ. ಅದರಲ್ಲಿ ಒಂದೇ ಒಂದು ಕೊರತೆ, ಒಮೆಗಾ-3 ಇಲ್ಲ. ಸನ್‌ಫ್ಲವರ್, ಕುಸುಬೆ, ಹುಚ್ಚೆಳ್ಳಲ್ಲೂ ಇಲ್ಲ. ಅದಕ್ಕೆ ಅಗಸೆ ಬೇಕು. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಒಮೆಗಾ-3. ಎಣ್ಣೆ ಮಾಡಿಸೋದೇ ಬೇಡ, ಬೇಗ ಕೆಡುತ್ತೆ. ಹುರಿದು ಚಟ್ನಿಪುಡಿ ಮಾಡಿ, ದಿನಕ್ಕೆ ಎರಡು ಸಣ್ಣ ಚಮಚ (ಸುಮಾರು 5 ಗ್ರಾಂ) ತಿಂದ್ರೆ 1 ಗ್ರಾಂ ಒಮೆಗಾ-3 ಸಿಗುತ್ತೆ. ದೊಡ್ಡವರಿಗೆ ದಿನಕ್ಕೆ ಬೇಕಾಗೋದು ಒಂದೆರಡು ಗ್ರಾಂ. ಇಡೀ ಬೀಜ ನುಂಗಿದ್ರೆ ಹಾಗೇ ಹೊರಗೆ ಹೋಗುತ್ತೆ, ಪುಡಿಯೇ ಆಗಬೇಕು.

ಬೀಜದವರಿಗೆ ಇನ್ನೊಂದು ಸುದ್ದಿ. ಜುನಾಗಢದ ಶೇಂಗಾ ಸಂಶೋಧನಾ ಸಂಸ್ಥೆ ಮತ್ತು ಇಕ್ರಿಸ್ಯಾಟ್ ಸೇರಿ ಗಿರ್ನಾರ್-4, ಗಿರ್ನಾರ್-5 ಅನ್ನೋ ತಳಿ ಕೊಟ್ಟಿದ್ದಾರೆ. ಇವುಗಳ ಎಣ್ಣೆಯಲ್ಲಿ ಮೋನೋ ಕೊಬ್ಬು 80ರ ಹತ್ತಿರ, ಅಂದ್ರೆ ಆಲಿವ್ ಎಣ್ಣೆಗೆ ಸಮ. ಬೇಗ ಕಮಟು ಹಿಡಿಯೋದೂ ಇಲ್ಲ. ನಮ್ಮ ಮಣ್ಣು, ಮಳೆಗೆ ಹೇಗೆ ಹೊಂದುತ್ತೆ, ಬೀಜ ಎಲ್ಲಿ ಸಿಗುತ್ತೆ ಅಂತ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಮೊದಲು ಹತ್ತು ಗುಂಟೆಯಲ್ಲಿ ಹಾಕಿ ನೋಡಿ.

ಗಾಣವೋ, ರಿಫೈನ್ಡೋ?

ಇಲ್ಲಿ ಎರಡೂ ಕಡೆಯವರು ಸ್ವಲ್ಪ ಉತ್ಪ್ರೇಕ್ಷೆ ಮಾಡ್ತಾರೆ. ಗಾಣದಲ್ಲಿ ತೆಗೆದ ಮಾತ್ರಕ್ಕೆ ಕೊಬ್ಬಿನ ಬಗೆ ಬದಲಾಗಲ್ಲ. ಗಾಣದ ಶೇಂಗಾ ಎಣ್ಣೆ, ರಿಫೈನ್ಡ್ ಶೇಂಗಾ ಎಣ್ಣೆ ಎರಡರಲ್ಲೂ ಆ ಮೂರು ಪಾಲು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರೋದು ಘಮ, ಬಣ್ಣ, ಇ ಜೀವಸತ್ವ, ಸಣ್ಣಪುಟ್ಟ ಸಸ್ಯಜನ್ಯ ವಸ್ತುಗಳಲ್ಲಿ. ರಿಫೈನ್ ಮಾಡೋವಾಗ ಕ್ಷಾರ ಹಾಕಿ, ಬಣ್ಣ ತೆಗೆದು, 200 ಡಿಗ್ರಿಗೂ ಮೇಲೆ ಕಾಯಿಸಿ ವಾಸನೆ ತೆಗೀತಾರೆ, ಅಲ್ಲಿ ಇವುಗಳಲ್ಲಿ ಒಂದಿಷ್ಟು ಹೋಗುತ್ತೆ. ಜೊತೆಗೆ ಕೆಟ್ಟದ್ದೂ ಹೋಗುತ್ತೆ. ಮುಂದಿನ ಮಾತಿಗೆ ಅದೇ ಮುಖ್ಯ.

ನಮ್ಮೂರ ಕಡೆ ಒಂದು ರೂಢಿ ಇದೆ. ಒಳ್ಳೆ ಕಾಯಿ ಮಾರುಕಟ್ಟೆಗೆ, ಜೊಳ್ಳು, ಮುರುಟಿದ್ದು, ಮಳೆಗೆ ಸಿಕ್ಕಿ ಕಪ್ಪಾಗಿದ್ದು ಮನೆ ಗಾಣಕ್ಕೆ. "ಎಣ್ಣೆಗಲ್ವಾ, ನಡೀತತೆ ಬಿಡು" ಅಂತಾರೆ. ನಡೆಯಲ್ಲ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಕೋತೀರಿ ಅಂದ್ರೆ ಇದನ್ನ ಇಟ್ಕೊಳ್ಳಿ.

ಶೇಂಗಾ ಕಾಳಿಗೆ ಹಿಡಿಯೋ ಹಳದಿ-ಹಸಿರು ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್. ಅದು ಬಿಡೋ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ದಿಢೀರ್ ಸತ್ತವು. ಕಾರಣ ಹುಡುಕಿದ್ರೆ ಅವಕ್ಕೆ ಹಾಕಿದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ತು. 1974ರಲ್ಲಿ ನಮ್ಮ ದೇಶದಲ್ಲೇ, ರಾಜಸ್ಥಾನ-ಗುಜರಾತ್ ಗಡಿಯ ಹಳ್ಳಿಗಳಲ್ಲಿ, ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಷ್ಟು ಪ್ರಮಾಣದಲ್ಲಿ ಒಮ್ಮೆಲೇ ಹೊಟ್ಟೆಗೆ ಹೋಗೋದು ಅಪರೂಪ. ಸ್ವಲ್ಪಸ್ವಲ್ಪ ವರ್ಷಗಟ್ಟಲೆ ಹೋದ್ರೆ ಯಕೃತ್ತಿನ ಕ್ಯಾನ್ಸರ್‌ಗೆ ದಾರಿ. ಹುರಿದ್ರೂ, ಕಾಯಿಸಿದ್ರೂ ಪೂರ್ತಿ ಸಾಯದ ವಿಷ ಇದು.

ಗಾಣಕ್ಕೆ ಹಾಕಿದಾಗ ಇದರ ಹೆಚ್ಚಿನ ಪಾಲು ಹಿಂಡಿಗೆ ಹೋಗುತ್ತೆ. ಒಂದಿಷ್ಟು ಎಣ್ಣೆಯಲ್ಲೂ, ಅದರಲ್ಲಿ ತೇಲೋ ಗಸಿಯಲ್ಲೂ ಉಳಿಯುತ್ತೆ. ರಿಫೈನ್ ಮಾಡೋವಾಗ ಕ್ಷಾರದಲ್ಲಿ ಅದು ಹೋಗಿಬಿಡುತ್ತೆ, ಗಾಣದ ಎಣ್ಣೆಯಲ್ಲಿ ಹೋಗಲ್ಲ. ಹಿಂಡಿ ತಿಂದ ಎಮ್ಮೆ, ಹಸುವಿನ ಹಾಲಿನಲ್ಲೂ ಅದರ ಇನ್ನೊಂದು ರೂಪ ಬರುತ್ತೆ. ಆ ಹಾಲನ್ನೇ ಮನೆ ಮಕ್ಕಳಿಗೆ ಕೊಡ್ತೀವಿ.

ಬೂಷ್ಟು ಸುರುವಾಗೋದು ಕಣದಲ್ಲಲ್ಲ, ಹೊಲದಲ್ಲೇ. ಕಾಯಿ ಬಲಿಯೋ ಕೊನೆಯ ಮೂರು-ನಾಲ್ಕು ವಾರ ಮಳೆ ಕೈಕೊಟ್ಟು ಬಿಸಿಲು ಕಾದರೆ, ಗೆದ್ದಲು ಕಾಯಿ ಕೊರೆದರೆ, ಅಲ್ಲಿಂದ ಒಳಗೆ ಹೋಗುತ್ತೆ. ಜಗಳೂರಿನ ಬಹುತೇಕ ವರ್ಷ ಇದೇ ಹಣೆಬರಹ. ಆ ಹೊತ್ತಲ್ಲಿ ಕೃಷಿಹೊಂಡದ ನೀರು ಒಂದು ಸಲ ಕೊಡೋಕಾದ್ರೆ ಕೊಡಿ. ಕಿತ್ತ ಮೇಲೆ ಬಳ್ಳಿಯನ್ನ ಹಸಿಯಾಗಿ ಬಣವೆ ಹಾಕಬೇಡಿ. ಕಾಯಿ ಮೇಲ್ಮುಖ ಮಾಡಿ ಸಾಲಾಗಿ ಮೂರ್ನಾಲ್ಕು ದಿನ ಒಣಗಿಸಿ. ಅಲುಗಾಡಿಸಿದ್ರೆ ಕಾಳು ಗಲಗಲ ಅನ್ನಬೇಕು, ತೇವ ಶೇ. 8ರ ಆಸುಪಾಸು. ಸಿಪ್ಪೆ ಸುಲಿಯೋಕೆ ಸುಲಭ ಆಗ್ಲಿ ಅಂತ ಕಾಯಿಗೆ ನೀರು ಚಿಮುಕಿಸೋದು ನಮ್ಮಲ್ಲಿದೆ, ದಯವಿಟ್ಟು ಅದನ್ನ ನಿಲ್ಲಿಸಿ. ಗಾಣಕ್ಕೆ ಒಯ್ಯೋ ಮುಂಚೆ ಮೊರದಲ್ಲಿ ಹರಡಿ, ಮುರುಟಿದ, ಬಣ್ಣ ಕೆಟ್ಟ, ಒಳಗೆ ಟೊಳ್ಳಾದ ಕಾಳು ಆರಿಸಿ ತೆಗೀರಿ. ಅದನ್ನ ದನಕ್ಕೂ ಹಾಕಬೇಡಿ, ಕೋಳಿಗೂ ಹಾಕಬೇಡಿ. ಹೂತುಬಿಡಿ, ಇಲ್ಲ ಸುಟ್ಟುಬಿಡಿ. ನಮ್ಮವ್ವನಿಗೆ ಹೊಟ್ಟೆ ಉರಿಯುತ್ತೆ, "ಎರಡು ಸೇರು ಕಾಳು ಮಣ್ಣಿಗೆ ಹಾಕ್ತಿಯಲ್ಲೋ" ಅಂತಾಳೆ. ಹಾಕ್ತೀನಿ.

ಖರ್ಚಿನ ಲೆಕ್ಕ

ಚೆನ್ನಾಗಿ ಒಣಗಿದ ಒಂದು ಕ್ವಿಂಟಲ್ ಕಾಯಿಗೆ ಸುಮಾರು 70 ಕೆಜಿ ಕಾಳು. ಗಾಣದಲ್ಲಿ ಅದರಿಂದ 27-28 ಕೆಜಿ ಎಣ್ಣೆ, ಅಂದ್ರೆ 30 ಲೀಟರ್. ಹಿಂಡಿ 40 ಕೆಜಿ. ಮೇಲೆ ಹೇಳಿದ 43 ಲೀಟರ್‌ಗೆ ಒಂದೂವರೆ ಕ್ವಿಂಟಲ್ ಕಾಯಿ ಸಾಕು. ಮಳೆ ಕೈಹಿಡಿದ ವರ್ಷ ಅರ್ಧ ಎಕರೆಯೊಳಗೆ ಬರುತ್ತೆ.

ಕಾಯಿಗೆ ಕ್ವಿಂಟಲ್‌ಗೆ 6,000 ರೂಪಾಯಿ ಅಂತ ಇಟ್ಕೊಳ್ಳಿ. ಸುಲಿಸೋದು, ಗಾಣದ ಕೂಲಿ ಸೇರಿ 1,000. ಹಿಂಡಿಗೆ ಕೆಜಿಗೆ 40 ಹಿಡಿದ್ರೆ 1,600 ವಾಪಸ್. ಉಳಿದ 5,400ನ್ನ 30 ಲೀಟರ್‌ಗೆ ಹಂಚಿದ್ರೆ ಲೀಟರ್‌ಗೆ 180. ನಿಮ್ಮ ಪೇಟೆ ದರ ಹಾಕಿ ನೀವೇ ಮಾಡ್ಕೊಳ್ಳಿ. ಪಾಮೋಲಿನ್‌ಗಿಂತ ಜಾಸ್ತಿ ಬೀಳುತ್ತೆ, ಸುಳ್ಳು ಹೇಳಲ್ಲ. ಆದ್ರೆ ತಿಂಗಳಿಗೆ ಐದು ಲೀಟರ್ ಸುರಿಯೋ ಮನೆ ಮೂರೂವರೆಗೆ ಇಳಿದ್ರೆ ಆ ವ್ಯತ್ಯಾಸದ ಬಹುಪಾಲು ಅಲ್ಲೇ ಮುಚ್ಚಿಹೋಗುತ್ತೆ.

ಸಲಾಡ್ ಮೇಲೆ ಏನು ಹಾಕೋದು?

ಮಯೋನೀಸ್ ಅಂದ್ರೆ ಏನು ಅಂತ ಮೊದಲು ಗೊತ್ತಿರಲಿ. ಎಣ್ಣೆಯನ್ನ ಮೊಟ್ಟೆಯ ಹಳದಿ ಭಾಗ, ಹುಳಿ ಜೊತೆ ಕಡೆದು ಬೆಣ್ಣೆ ಥರ ಮಾಡಿದ್ದು. ಅಸಲಿ ಮಯೋನೀಸ್‌ನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಎಣ್ಣೆಯೇ. ಒಂದು ದೊಡ್ಡ ಚಮಚಕ್ಕೆ 100 ಕ್ಯಾಲೊರಿ. ಸೌತೆಕಾಯಿ, ಗಜ್ಜರಿ ಒಂದು ಬಟ್ಟಲು ತಿಂದ್ರೆ 40 ಕ್ಯಾಲೊರಿ, ಅದರ ಮೇಲೆ ಎರಡು ಚಮಚ ಮಯೋನೀಸ್ ಹಾಕಿದ್ರೆ 240. ತರಕಾರಿ ಕೇವಲ ನೆಪ. ನಮ್ಮಲ್ಲಿ ಸಿಗೋ 'ವೆಜ್' ಮಯೋನೀಸ್‌ನಲ್ಲಿ ಮೊಟ್ಟೆ ಬದಲು ಪಿಷ್ಟ, ಸಕ್ಕರೆ, ನೀರು ಸೇರಿಸಿ ಎಣ್ಣೆ ಕಡಿಮೆ ಮಾಡಿರ್ತಾರೆ. ಎಷ್ಟು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಪ್ಯಾಕೆಟ್ ತಿರುಗಿಸಿ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರೀಬೇಕು ಅನ್ನೋದು ಕಾನೂನು. ಯಾವ ಎಣ್ಣೆ ಅಂತಲೂ ಬರೀಬೇಕು. ಬಹಳ ಸಲ ಅದು ಸೋಯಾ, ಇಲ್ಲ ಪಾಮೋಲಿನ್.

ಹಸಿ ಮೊಟ್ಟೆಯ ಮಯೋನೀಸ್‌ಗೆ ಇನ್ನೊಂದು ಅಪಾಯ ಇದೆ, ಬ್ಯಾಕ್ಟೀರಿಯಾ. ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದನ್ನ ಒಂದು ವರ್ಷಕ್ಕೆ ನಿಷೇಧಿಸಿದವು. ಬೇಸಿಗೆಯಲ್ಲಿ ರಸ್ತೆಬದಿ ಬಾಟಲಿಯಲ್ಲಿ ಹೊರಗಿಟ್ಟ ಮಯೋನೀಸ್ ಮುಟ್ಟಲೇಬೇಡಿ.

ಹಾಗಂತ ತರಕಾರಿಯನ್ನ ಒಣಒಣ ತಿನ್ನೋದೂ ಸರಿಯಲ್ಲ. ಗಜ್ಜರಿ, ಮೆಂತ್ಯ, ಟೊಮೆಟೊದಲ್ಲಿರೋ ಕ್ಯಾರೊಟಿನ್ ಥರದ ವಸ್ತುಗಳು ಕೊಬ್ಬಿನ ಜೊತೆ ಮಾತ್ರ ಕರಗಿ ರಕ್ತಕ್ಕೆ ಸೇರೋದು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಏಳು ಜನರಿಗೆ ಸಲಾಡ್ ಕೊಟ್ಟು ರಕ್ತ ಪರೀಕ್ಷೆ ಮಾಡಿದ್ರು. ಕೊಬ್ಬಿಲ್ಲದ ಡ್ರೆಸಿಂಗ್ ಹಾಕಿದಾಗ ಕ್ಯಾರೊಟಿನ್ ರಕ್ತಕ್ಕೆ ಸೇರಿದ್ದು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. 6 ಗ್ರಾಂ ಎಣ್ಣೆ ಹಾಕಿದಾಗ ಸೇರಿತು. 'ಫ್ಯಾಟ್ ಫ್ರೀ' ಡ್ರೆಸಿಂಗ್‌ಗೆ ದುಡ್ಡು ಕೊಡೋದು ಅಂದ್ರೆ ಸಕ್ಕರೆ-ಪಿಷ್ಟಕ್ಕೆ ದುಡ್ಡು ಕೊಟ್ಟು ಜೀವಸತ್ವ ಕಳ್ಕೊಂಡಂಗೆ.

ಕೋಸಂಬರಿ ಇದನ್ನೆಲ್ಲ ಯಾವ ಪ್ರಯೋಗಾಲಯ ಇಲ್ಲದೇ ಸರಿಯಾಗಿ ಮಾಡಿಟ್ಟಿದೆ. ಒಂದು ಹಿಡಿ (25 ಗ್ರಾಂ) ಹೆಸರುಬೇಳೆ ನೆನೆಸಿದ್ರೆ ಅದರಲ್ಲಿ 6 ಗ್ರಾಂ ಪ್ರೋಟೀನ್. ಮೇಲೆ ಒಂದು ಸಣ್ಣ ಚಮಚ ಎಣ್ಣೆಯ ಸಾಸಿವೆ ಒಗ್ಗರಣೆ, 40 ಕ್ಯಾಲೊರಿ. ನಿಂಬೆಹುಳಿ ಇರೋದ್ರಿಂದ ಬೇಳೆಯ ಕಬ್ಬಿಣಾಂಶ ಚೆನ್ನಾಗಿ ಹೀರುತ್ತೆ. ಉತ್ತರದ ಕಡೆಯವರ ಪಚಡಿ ಇನ್ನೂ ಒಂದು ಕೈ ಮೇಲು: ಹಸಿ ಮೆಂತ್ಯಸೊಪ್ಪು, ಮೂಲಂಗಿ, ಈರುಳ್ಳಿ, ಅದರ ಮೇಲೆ ಶೇಂಗಾ ಪುಡಿ, ಗುರೆಳ್ಳು ಪುಡಿ, ಸ್ವಲ್ಪ ಹಸಿ ಎಣ್ಣೆ. ರೊಟ್ಟಿಗೆ ಅದಕ್ಕಿಂತ ಬೇರೇನು ಬೇಕು?

ಎಣ್ಣೆಕಾಳಿನ ಬಗ್ಗೆ ನನ್ನ ಅಭಿಪ್ರಾಯ ಇದೇ. ಆದಷ್ಟು ಕಾಳನ್ನೇ ತಿನ್ನಿ, ಎಣ್ಣೆ ಕಡಿಮೆ ಮಾಡಿಸಿ. 10 ಗ್ರಾಂ ಎಣ್ಣೆಯಲ್ಲಿ 10 ಗ್ರಾಂ ಕೊಬ್ಬು, ಪ್ರೋಟೀನ್ ಸೊನ್ನೆ. 10 ಗ್ರಾಂ ಹುಚ್ಚೆಳ್ಳು ಪುಡಿಯಲ್ಲಿ 4 ಗ್ರಾಂ ಕೊಬ್ಬು, 2 ಗ್ರಾಂ ಪ್ರೋಟೀನ್, ಜೊತೆಗೆ ಸುಣ್ಣ, ಕಬ್ಬಿಣ, ನಾರು. ಎಣ್ಣೆ ತೆಗೆದ್ರೆ ಇವೆಲ್ಲ ಹಿಂಡಿಯಲ್ಲಿ ಎಮ್ಮೆ ಪಾಲು. ಮಯೋನೀಸ್ ಥರ ನುಣ್ಣಗೆ ಬೇಕು ಅನ್ನೋ ಮಕ್ಕಳಿಗೆ ಗಟ್ಟಿ ಮೊಸರಿಗೆ ಎರಡು ಚಮಚ ಹುರಿದ ಶೇಂಗಾ ಪುಡಿ, ಒಂದು ಎಸಳು ಬೆಳ್ಳುಳ್ಳಿ, ನಿಂಬೆರಸ ಹಾಕಿ ಮಿಕ್ಸಿ ತಿರುಗಿಸಿ ಕೊಡಿ. ನಮ್ಮ ಮನೆಯಲ್ಲಿ ಇದು ನಡೀತಿದೆ. ಚಟ್ನಿಪುಡಿಗೆ ಉಪ್ಪು ಮಾತ್ರ ಕೈ ಹಿಡಿದು ಹಾಕಿ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ದಾಟಬಾರದು ಅಂತಾರೆ, ಉಪ್ಪಿನಕಾಯಿ, ಪುಡಿ, ಸಾರಲ್ಲೇ ಅದು ದಾಟಿರುತ್ತೆ.

ಎಣ್ಣೆ ಇಡೋದು, ಕಾಯಿಸೋದು

ಗಾಣದ ಎಣ್ಣೆಯನ್ನ ತಂದ ದಿನವೇ ಬಳಸಬೇಡಿ. ನಾಲ್ಕೈದು ದಿನ ಅಲುಗಾಡಿಸದೆ ಇಟ್ರೆ ಗಸಿ ಕೆಳಗಿಳಿಯುತ್ತೆ. ಮೇಲಿನ ತಿಳಿಯನ್ನ ಬಟ್ಟೆಯಲ್ಲಿ ಸೋಸಿ ಸ್ಟೀಲ್ ಡಬ್ಬಿಗೆ ಹಾಕಿ, ಕತ್ತಲಲ್ಲಿಡಿ. ಗಸಿ ಇದ್ರೆ ಬಾಣಲೆಯಲ್ಲಿ ಬೇಗ ಹೊಗೆ ಬರುತ್ತೆ. ವರ್ಷದ್ದು ಒಂದೇ ಸಲ ಮಾಡಿಸಬೇಡಿ. ಕಾಯಿಯಲ್ಲೇ ಇಟ್ಟು ಮೂರು ತಿಂಗಳಿಗೊಮ್ಮೆ ಗಾಣಕ್ಕೆ ಒಯ್ಯಿರಿ. ಕುಸುಬೆ, ಹುಚ್ಚೆಳ್ಳು ಎಣ್ಣೆ ಇನ್ನೂ ಬೇಗ ಕೆಡುತ್ತೆ, ಅವನ್ನ ಲೀಟರ್ ಲೆಕ್ಕದಲ್ಲಿ ತನ್ನಿ, ಕರಿಯೋಕೆ ಬೇಡ, ಹಸಿಯಾಗಿ ಬಳಸಿ.

ಮಿರ್ಚಿ ಕರಿದ ಎಣ್ಣೆಯನ್ನ ಸೋಸಿಟ್ಟು ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ, ಮತ್ತೆ ಕರಿಯೋಕೆ ಬೇಡ. ಅಂಗಡಿಯವರಿಗೂ 2018ರಿಂದ ಕಾನೂನಿದೆ: ಕಾಯಿಸಿ ಕಾಯಿಸಿ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದ್ರೆ ಚೆಲ್ಲಬೇಕು. ಅದನ್ನ ಅಳೆಯೋ ಮಷೀನು ನಮ್ಮ ಹತ್ರ ಇರಲ್ಲ. ಎಣ್ಣೆ ಕಪ್ಪಾಗಿ ನೊರೆ ಏಳ್ತಿದ್ರೆ, ಕೈಗೆ ಅಂಟಂಟಾಗಿದ್ರೆ, ಆ ಅಂಗಡಿಯಲ್ಲಿ ಮಂಡಕ್ಕಿ ಮಾತ್ರ ತಿಂದು ಮಿರ್ಚಿ ಬಿಟ್ಟುಬಿಡಿ. ಮನೆಯಲ್ಲಿ ಕಮಟು ಹಿಡಿದ ಎಣ್ಣೆ ಇದ್ರೆ ದೀಪಕ್ಕೆ, ಇಲ್ಲ ಗಾಡಿ ಕೀಲಿಗೆ.